ಬಾನೆಟ್ಟಿನೊಳಗಿನ ಭಜಿ ವಾಸನೆ

ನನಗೊಂದು ಕೆಟ್ಟ ಚಾಳಿ ಇದೆ. ಮನೆಯ ಮುಂದಿನ ತಿರುವಿನಲ್ಲಿ ಯಾವ ಕಾರು ಹೊರಳಿದರೂ ನನ್ನ ಕಿವಿ ಅದರ ಹಿಂದೆ ಹೋಗಿಬಿಡುತ್ತದೆ. ಊಟಕ್ಕೆ ಕೂತಿರಲಿ, ಫೋನಿನಲ್ಲಿ ಮಗಳ ಜೊತೆ ಮಾತಾಡುತ್ತಿರಲಿ, ಹೊರಗೆ 'ಗುಂಯ್' ಎಂದು ಸ್ಟೀರಿಂಗ್ ಅಳುವ ಸದ್ದು ಕೇಳಿತೋ, ನಾನು ಆ ಮಾತಿನಲ್ಲೂ ಇಲ್ಲ, ಆ ಊಟದಲ್ಲೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋಗಿ, ಪರಿಚಯ ಇರಲಿ ಇಲ್ಲದಿರಲಿ, 'ಸ್ವಲ್ಪ ಬಾನೆಟ್ ತಗೀರಿ' ಎಂದು ಕೇಳುತ್ತೇನೆ. ರಾಯಚೂರಿನ ನಮ್ಮ ಬಡಾವಣೆಯಲ್ಲಿ ನನ್ನನ್ನು ಕಂಡರೆ ಕಾರಿನವರು ದಾರಿ ಬದಲಿಸುತ್ತಾರೆ ಎಂದು ಹೆಂಡತಿ ಹೇಳುತ್ತಾಳೆ. ಐಟಿಐಯಲ್ಲಿ ಮೋಟಾರು ಮೆಕ್ಯಾನಿಕ್ ಕಲಿಸಿ ನಿವೃತ್ತನಾದವನಿಗೆ ಇಷ್ಟಾದರೂ ಹಕ್ಕು ಬೇಡವೇ ಎಂದು ನಾನು ವಾದಿಸುತ್ತೇನೆ.

ಮೊನ್ನೆ ಪಕ್ಕದ ಮನೆಯ ಬ್ಯಾಂಕಿನವರ ಕಾರು ಹೀಗೇ ಅಳುತ್ತಾ ಬಂತು. ವರ್ಕ್‌ಶಾಪಿನವರು ಸ್ಟೀರಿಂಗಿನ ಇಡೀ ಸೆಟ್ ಬದಲಿಸಬೇಕು ಎಂದರಂತೆ.

"ಎಣ್ಣಿ ಮುಚ್ಚಳ ತಗದು ನೋಡಿದ್ರೇನ್ರಿ ಅವ್ರು?" ಎಂದೆ.

"ಕಂಪ್ಯೂಟರ್ ಹಚ್ಚಿ ನೋಡ್ಯಾರ್ರಿ ಸರ್," ಎಂದರು.

ನನಗೆ ಎಂಥ ಸಿಟ್ಟು ಬಂತೆಂದರೆ ಆ ದಿನ ಚಹಾ ಕೂಡ ರುಚಿಸಲಿಲ್ಲ. ಮುಚ್ಚಳ ತೆಗೆಯದೆ ತೀರ್ಪು ಕೊಡುವವರನ್ನು ಕಂಡರೆ ನನಗೆ ಆಗುವುದಿಲ್ಲ. "ಅವ್ರ ಗಾಡಿ, ಅವ್ರ ರೊಕ್ಕ. ನಿಮ್ಗ್ಯಾಕ ಮೈಯೆಲ್ಲ ಉರೀತದ?" ಎಂದು ಹೆಂಡತಿ ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಆ ಉರಿ ಬ್ಯಾಂಕಿನವರ ಗಾಡಿಯದಲ್ಲ. ಅದು ಎಂಬತ್ತರ ದಶಕದ ಮೊದಲಲ್ಲಿ ಮಾನ್ವಿಯಲ್ಲಿ ಹೊತ್ತಿಕೊಂಡದ್ದು, ನಾನು ಎಷ್ಟು ನೀರು ಕುಡಿದರೂ ಆರಿಲ್ಲ.

ಹೇಳುವ ಮೊದಲು ನನ್ನ ಕಿವಿಯ ವಿಷಯ ಸ್ವಲ್ಪ ಹೇಳಬೇಕು. ಅದಕ್ಕೆ ನನ್ನಷ್ಟೇ ವಯಸ್ಸಾಗಿದ್ದರೂ ಅದು ನನಗಿಂತ ಜಾಣ. ನಾನು ಹುಟ್ಟಿದ್ದು ಹಿರೇಕೊಟ್ನೆಕಲ್‌ನಲ್ಲಿ, ಊರಿನಿಂದ ಬೇರೆಯಾಗಿ ನಿಂತ ನಮ್ಮ ಕೇರಿಯಲ್ಲಿ. ಅಲ್ಲಿ ಮುಂಜಾನೆ ಗಡಿಯಾರ ಇರಲಿಲ್ಲ, ಬಂಡಿಗಳ ಸಪ್ಪಳ ಇತ್ತು. ಕಿರ್ರ್ ಎಂದು ಎರಡು ಸಲ ಎಳೆದರೆ ಅದು ಪೊಲೀಸ್ ಗೌಡರ ಬಂಡಿ. ಒಂದೇ ಸಮ ಕುಂಯ್‌ಗುಟ್ಟಿದರೆ ಶಾನುಭೋಗರದ್ದು. ಲೊಟಲೊಟ ಎಂದರೆ ಕೆರೆಯ ಕೆಳಗಿನ ಹೊಲದವರದ್ದು, ಅವರಿಗೆ ಕೀಲು ಬಿಗಿ ಮಾಡಿಸುವ ಪುರುಸೊತ್ತು ಎಂದೂ ಇರಲಿಲ್ಲ. ಹಾಸಿಗೆಯಲ್ಲಿ ಮಲಗಿಕೊಂಡೇ ನಾನು "ಶಾನುಭೋಗರದು ಬಂತು" ಎಂದರೆ ನಮ್ಮವ್ವ ಬುತ್ತಿ ಕಟ್ಟಲು ಏಳುತ್ತಿದ್ದಳು, ಯಾಕೆಂದರೆ ಅಪ್ಪ ಅವರ ಬಂಡಿಯ ಹಿಂದೆಯೇ ಕೆಲಸಕ್ಕೆ ಹೋಗಬೇಕಿತ್ತು. ಅಪ್ಪ ಆ ಬಂಡಿಯ ಹಿಂದೆ ಕೀಲೆಣ್ಣೆಯ ಬಿದಿರು ಕೊಳವೆ ತೂಗುಹಾಕುತ್ತಿದ್ದ. ಒಮ್ಮೆ ನಾನು ಬಂಡಿ ಹೊಡೆಯುವ ಹುಮ್ಮಸ್ಸಿನಲ್ಲಿ, ಗಾಲಿ ಕಿರುಗುಟ್ಟಿದ್ದಕ್ಕೆ ಎತ್ತಿಗೆ ಬಾರುಕೋಲು ಬೀಸಿದೆ. ಅಪ್ಪ ಬೈಯಲಿಲ್ಲ. "ಗಾಲಿ ಸಪ್ಪಳ ಮಾಡ್ತಂದ್ರ ಇಳದು ನೋಡಲೇ. ಎತ್ತೇನು ಮಾಡ್ಯಾವು?" ಎಂದ. ಇಷ್ಟೇ ನನ್ನ ಮೊದಲ ಎಂಜಿನಿಯರಿಂಗ್ ಪಾಠ.

ಮುಂದೆ ಮ್ಯಾಟ್ರಿಕ್ ಪಾಸಾಗಿ, ನೌಕರಿ ಸಿಗದೆ, ಎರಡು ವರ್ಷ ಹೈದರಾಬಾದ್ ಕಡೆಗೆ ಅಕ್ಕಿ ಹೊರುವ ಲಾರಿಯಲ್ಲಿ ಕ್ಲೀನರ್ ಆಗಿದ್ದೆ. ಅಲ್ಲೇ ಡ್ರೈವಿಂಗ್ ಕಲಿತೆ. ಆ ಕಾಲದ ಲಾರಿಯ ಸ್ಟೀರಿಂಗ್ ತಿರುಗಿಸುವುದೆಂದರೆ ಕೈ ಕೆಲಸವಲ್ಲ, ಭುಜದ ಕೆಲಸ. ಸಂಜೆಗೆ ತೋಳು ಎತ್ತಿ ರೊಟ್ಟಿ ಮುರಿಯಲು ಆಗುತ್ತಿರಲಿಲ್ಲ. ಹೀಗೆ ಭುಜ ಸವೆಸಿಕೊಂಡು ಲೈಸೆನ್ಸ್ ಪಡೆದ ನನ್ನ ಕೈಗೆ, ಹಣೆಬರಹ ನೋಡಿ, ಇಡೀ ಮಾನ್ವಿ ತಾಲೂಕಿಗೆ ಒಂದೇ ಒಂದಾಗಿದ್ದ ಪವರ್ ಸ್ಟೀರಿಂಗ್ ಗಾಡಿ ಬಂತು.

ಶರಣಪ್ಪ ಸಾಹುಕಾರರು ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದರು. ಹೈದರಾಬಾದಿನ ಯಾವುದೋ ಹಳೆಯ ನವಾಬರ ಮನೆಯವರು ಮಾರಿದ ಅಮೆರಿಕದ ಕಾರನ್ನು ಅವರು ಕೊಂಡು ತಂದಿದ್ದರು. ಅಷ್ಟುದ್ದ, ಹಿಂದೆ ಎರಡು ರೆಕ್ಕೆ, ಮಜ್ಜಿಗೆಯ ಬಣ್ಣ. ಸಿರವಾರದಿಂದ ಜನ ಬಸ್ ಹತ್ತಿ ಬಂದು ನೋಡಿ ಹೋದರು. ಆದರೆ ಅದರ ಮಹಿಮೆ ಹೊರಗಿರಲಿಲ್ಲ, ಸ್ಟೀರಿಂಗಿನಲ್ಲಿತ್ತು. ಎಂಜಿನ್ನಿನ ಬೆಲ್ಟು ಒಂದು ಸಣ್ಣ ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ದೂಡುತ್ತದೆ, ಆ ಎಣ್ಣೆ ಗಾಲಿ ಹೊರಳಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ತಾನೇ ಮಾಡುತ್ತದೆ. ನಾನು ಮಾನ್ವಿಯ ಬಸ್ ಸ್ಟ್ಯಾಂಡಿನ ಮುಂದೆ ಒಂದೇ ಬೆರಳಿನಿಂದ ಗಾಡಿ ಹೊರಳಿಸುತ್ತಿದ್ದೆ. ಇನ್ನೊಂದು ಕೈ ಬಾಗಿಲ ಮೇಲೆ, ಕಣ್ಣಿಗೆ ರಾಯಚೂರಿನ ತೀನ್ ಕಂದೀಲ್ ಚೌಕದಲ್ಲಿ ಕೊಂಡ ಕಪ್ಪು ಕನ್ನಡಕ. ಈಗ ನೆನೆದರೆ ಕೆನ್ನೆಗೆ ಎರಡು ಬಾರಿಸಬೇಕು ಅನಿಸುತ್ತದೆ.

ನನ್ನಂಥವನನ್ನು ಕೆಲಸಕ್ಕೆ ಇಟ್ಟುಕೊಂಡದ್ದಕ್ಕೆ ಸಾಹುಕಾರರ ನೆಂಟರು ಆಕ್ಷೇಪ ಎತ್ತಿದ್ದರು. ಸಾಹುಕಾರರು ನನ್ನ ಎದುರೇ ಅದಕ್ಕೆ ಉತ್ತರ ಕೊಟ್ಟರು. "ಗಾಡಿ ಅಂದ್ರ ಕಬ್ಬಿಣ. ಕಬ್ಬಿಣಕ್ಕ ಮೈಲಿಗಿ ಇಲ್ಲ. ಹುಲಿಗ್ಯಾ, ನೀ ನಡಸು."

ನನ್ನ ಹೆಸರು ಹುಲಿಗೆಪ್ಪ. ಅದನ್ನು ಪೂರ್ತಿ ಹೇಳುವಷ್ಟು ಉಸಿರು ಅವರಿಗೆ ಎಂದೂ ಸಾಲಲಿಲ್ಲ. ಇರಲಿ. ಕಬ್ಬಿಣಕ್ಕೆ ಮೈಲಿಗೆ ಇಲ್ಲ ಎಂಬ ಮಾತನ್ನು ನಾನು ಆಗ ದೊಡ್ಡ ಮನಸ್ಸಿನ ಮಾತು ಎಂದೇ ನಂಬಿದ್ದೆ.

ಆದರೆ ಈ ಕಬ್ಬಿಣ ತಿಂಗಳಿಗೆ ಒಂದು ದಿನ ಮಡಿಯಾಗುತ್ತಿತ್ತು. ನಮ್ಮ ಕಡೆ ಅಂಗಡಿ, ಗಿರಣಿ, ಗಾಡಿ ಇರುವವರೆಲ್ಲ ಅಮಾವಾಸ್ಯೆಗೆ ಪೂಜೆ ಮಾಡುತ್ತಾರೆ, ನಿಮಗೆ ಗೊತ್ತಿರುವುದೇ. ಆ ದಿನ ಮುಂಜಾನೆ ನಾನು ಗಾಡಿಯನ್ನು ತಲೆಯಿಂದ ಕಾಲಿನವರೆಗೆ ತೊಳೆದು, ಬಾನೆಟ್ ಎತ್ತಿ, ಗಿರಣಿಯ ಅಂಗಳದಲ್ಲಿ ಯಂತ್ರಗಳ ಸಾಲಿನ ಎದುರು ನಿಲ್ಲಿಸಬೇಕು. ನಿಲ್ಲಿಸಿ ಗೇಟಿನ ಹೊರಗೆ ಹೋಗಬೇಕು. ಪೂಜೆ ಮುಗಿದ ಮೇಲೆ ಕರೆದಾಗ ಒಳಗೆ ಬರಬೇಕು. ಒಳಗೆ ಬಂದು ಮತ್ತೆ ಅದೇ ಗಾಡಿಯಲ್ಲಿ, ಪೂಜೆ ಮಾಡಿದ ಅದೇ ಜನರನ್ನು ಕೂರಿಸಿಕೊಂಡು, ಅದೇ ಸ್ಟೀರಿಂಗ್ ಹಿಡಿದು ನಡೆಸಬೇಕು. ಇದರಲ್ಲಿರುವ ತರ್ಕ ಏನು ಎಂದು ಈಗ ಯಾರಾದರೂ ವಿವರಿಸಿದರೆ ಅವರಿಗೆ ನಾನೇ ಮಿರ್ಚಿ ಕೊಡಿಸುತ್ತೇನೆ. ಆಗ ಮಾತ್ರ ಕೇಳಲಿಲ್ಲ. ಹೊರಗೆ ನಿಂತು ಬೀಡಿ ಸೇದಿದೆ.

ಮಿರ್ಚಿ ಎಂದೆನಲ್ಲ, ಅದಕ್ಕೇ ಬರುತ್ತೇನೆ. ಕೆಲಸಕ್ಕೆ ಸೇರಿ ನಾಲ್ಕೈದು ತಿಂಗಳಾಗಿರಬಹುದು. ಗಾಡಿ ಓಡಿಸುವಾಗ ಎಲ್ಲಿಂದಲೋ ಮಿರ್ಚಿ ಭಜಿ ಕರಿಯುವ ವಾಸನೆ ಬರತೊಡಗಿತು. ರಾಯಚೂರಿನ ದಾರಿಯಲ್ಲಿ ಭಜಿ ಅಂಗಡಿಗಳಿಗೆ ಕೊರತೆ ಇಲ್ಲ, ಹೀಗಾಗಿ ನಾನು ಮೂಗನ್ನು ಅನುಮಾನಿಸಲಿಲ್ಲ, ಹೊಟ್ಟೆಯನ್ನು ಅನುಮಾನಿಸಿದೆ. ಒಮ್ಮೆ ಸಾಹುಕಾರರನ್ನು ಗಿಲ್ಲೆಸುಗೂರಿಗೆ ಕರೆದೊಯ್ಯುವಾಗ ಸುತ್ತ ಮನುಷ್ಯರ ಸುಳಿವಿಲ್ಲದ ಹೊಲಗಳ ನಡುವೆ ಅದೇ ವಾಸನೆ ಬಂತು. ಅವರು ಹಿಂದಿನಿಂದ "ಹುಲಿಗ್ಯಾ, ಇಲ್ಲೆಲ್ಲ್ಯಾರ ಭಜಿ ಸಿಗ್ತಾವನ?" ಎಂದರು. ನಾನೂ ಗಾಡಿ ನಿಧಾನ ಮಾಡಿ ಎಡಕ್ಕೆ ಬಲಕ್ಕೆ ನೋಡಿದೆ. ಇಂಥ ಇಬ್ಬರು ಬುದ್ಧಿವಂತರು ಆ ಗಾಡಿಯಲ್ಲಿದ್ದೆವು.

ನನಗೆ ಇನ್ನೊಂದು ಜಂಬವಿತ್ತು. ನಾನು ಎಂಟು ದಿನಕ್ಕೊಮ್ಮೆ ಸ್ಟೀರಿಂಗ್ ಪಂಪಿನ ಮುಚ್ಚಳ ತೆಗೆದು ಎಣ್ಣೆ ಎಷ್ಟಿದೆ ಎಂದು ನೋಡುತ್ತಿದ್ದೆ. ಒಂದು ದಿನವೂ ಅದು ಇಳಿದಿರಲಿಲ್ಲ. ಹಳೆಯ ಗಾಡಿ ಎಂದರೆ ಎಲ್ಲಾದರೂ ಒಂದು ಹನಿ ಸೋರಬೇಕು. ನನ್ನದು ಸೋರುವ ಮಾತಿರಲಿ, ಎಣ್ಣೆ ಕುತ್ತಿಗೆಯವರೆಗೆ ತುಂಬಿ ನಿಂತಿರುತ್ತಿತ್ತು. "ಆರು ತಿಂಗಳಾತು, ಒಂದ್ ತಟುಕು ಕಮ್ಮಿ ಆಗಿಲ್ಲ. ಇದು ಕೈಗುಣ," ಎಂದು ಸ್ಟ್ಯಾಂಡಿನಲ್ಲಿ ಉಳಿದ ಡ್ರೈವರುಗಳಿಗೆ ಹೇಳಿಕೊಂಡು ತಿರುಗಿದೆ. ಸೋರುವ ಗಾಡಿಯಲ್ಲಿ ಎಣ್ಣೆ ಇಳಿಯದಿದ್ದರೆ ಯಾರೋ ಹಾಕುತ್ತಿದ್ದಾರೆ ಎಂದು ಹೊಳೆಯಲಿಲ್ಲ. ಮ್ಯಾಟ್ರಿಕ್ ಗಣಿತದಲ್ಲಿ ನಾನು ಮೂವತ್ತೈದಕ್ಕೆ ಪಾಸಾದವನು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಹೀಗಿರುವಾಗ ಗಾಡಿ ಅಳಲು ಶುರು ಮಾಡಿತು. ಮೊದಮೊದಲು ಮುಂಜಾನೆ ಹೊರಡುವಾಗ ಸ್ವಲ್ಪ ಗುಂಯ್ ಎನ್ನುವುದು. ಆಮೇಲೆ ಪ್ರತಿ ತಿರುವಿಗೂ. ಸ್ಟೀರಿಂಗ್ ಭಾರವಾಯಿತು. ಒಂದು ಬೆರಳು ಹೋಗಿ ಒಂದು ಕೈ ಬಂತು, ಒಂದು ಕೈ ಹೋಗಿ ಎರಡೂ ಬಂದವು, ಕನ್ನಡಕ ಬೆವರಿಗೆ ಜಾರತೊಡಗಿತು. ಮಾನ್ವಿಯ ಮೇಸ್ತ್ರಿ ಬೆಲ್ಟು ಸಡಿಲಾಗಿದೆ ಎಂದು ಹೊಸ ಬೆಲ್ಟು ಹಾಕಿದ. ಅಳು ನಿಲ್ಲಲಿಲ್ಲ.

ಅಷ್ಟರಲ್ಲಿ ಸಾಹುಕಾರರ ಮಗಳಿಗೆ ದೇವದುರ್ಗದ ಕಡೆಯ ಸಂಬಂಧ ಕೂಡಿಬಂತು. ಮಾತುಕತೆಗೆ ಮನೆಮಂದಿಯೆಲ್ಲ ಅದೇ ಕಾರಿನಲ್ಲಿ ಹೊರಟರು. ದೇವದುರ್ಗದ ಆ ಓಣಿ ಎತ್ತಿನ ಬಂಡಿಗೆಂದು ಮಾಡಿದ್ದು. ಬೀಗರ ಮನೆಯ ಮುಂದೆ ಗಾಡಿ ತಿರುಗಿಸಿ ನಿಲ್ಲಿಸಲು ನಾನು ಹಿಂದೆ ಮುಂದೆ ಏಳೆಂಟು ಸಲ ಹೊರಳಿಸಬೇಕಾಯಿತು, ಒಂದೊಂದು ಸಲವೂ ಅದು ಈಯಲು ಕಷ್ಟಪಡುವ ಎಮ್ಮೆಯ ಹಾಗೆ ಒರಲಿತು. ಮಾಳಿಗೆಯ ಮೇಲಿಂದ ಹೆಂಗಸರು ಇಣುಕಿದರು. ಬೀಗರು ಹೊರಗೆ ಬಂದು, ಕೈ ಮುಗಿದು, "ಸಾವ್ಕಾರ್ರ, ಗಾಡಿಗಿ ಜಡ್ಡದ ಏನ್ರಿ?" ಎಂದು ವಿಚಾರಿಸಿದರು. ಸಾಹುಕಾರರು ನಕ್ಕರು.

ಮುಂದಿನ ವಾರ ಹೈದರಾಬಾದಿನಿಂದ ಗಾಡಿ ರಿಪೇರಿಯ ಒಬ್ಬ ಉಸ್ತಾದನನ್ನು ಕರೆಸಿದರು. ಬೆರಳಿಗೆ ನಾಲ್ಕು ಉಂಗುರ, ಅಂಗಿಗೆ ಅತ್ತರು. ಅವನನ್ನು ಬಸ್ಸಿನಿಂದ ಇಳಿಸಿಕೊಳ್ಳಲು ಸಾಹುಕಾರರು ಗಾಡಿಯ ಸಮೇತ ಸ್ಟ್ಯಾಂಡಿಗೆ ಬಂದಿದ್ದರು. ಅವನು ಅಲ್ಲೇ, ಗೋಲಿ ಸೋಡಾ ಕುಡಿಯುತ್ತ, "ಜರಾ ಘುಮಾವೋ" ಎಂದ. ನಾನು ತಿರುಗಿಸಿದೆ, ಗಾಡಿ ಅತ್ತಿತು. ಅವನು ಬಾನೆಟ್ಟಿನ ಹತ್ತಿರ ಕೂಡ ಬರಲಿಲ್ಲ. ಪಂಪು ಹೋಗಿದೆ, ಬೊಂಬಾಯಿಯಿಂದ ತರಿಸಬೇಕು ಎಂದ. ಸಾಹುಕಾರರು ಯಾಕೆ ಹೋಯಿತು ಎಂದು ಕೇಳಿದರು. ಅವನು ಸೋಡಾ ಬಾಟಲಿಯ ಬಾಯಿಯಿಂದ ನನ್ನ ಕಡೆ ತೋರಿಸಿದ. ಡ್ರೈವರು ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಒತ್ತಿ ಹಿಡಿಯುತ್ತಾನೆ, ಕೈ ಭಾರ, ಅದಕ್ಕೇ ಎಂದ.

ಸ್ಟ್ಯಾಂಡಿನಲ್ಲಿ ಆಗ ಹದಿನಾಲ್ಕು ಮಂದಿ ಡ್ರೈವರುಗಳಿದ್ದರು. ಯಾರ್ಯಾರು ಎಂದು ಈಗಲೂ ಹೆಸರು ಹಿಡಿದು ಹೇಳಬಲ್ಲೆ.

"ಬಂಗಾರದಂಥ ಗಾಡಿ ಕೊಟ್ಟಿದ್ನಿ," ಎಂದು ಸಾಹುಕಾರರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಎತ್ತಿನ ಹಗ್ಗ ಹಿಡಿಯೋ ಕೈ ಇವು. ಇವಕ್ಕ ಸ್ಟೇರಿಂಗ್ ಕೊಟ್ಟಿದ್ದು ನನ್ನ ತಪ್ಪು. ಪಂಪ್ ಬರೋ ತನ ನಡಸು. ಬಂದ ಮ್ಯಾಲ ಬ್ಯಾರೆ ಕೈ ನೋಡ್ಕೊಂತೀನಿ."

ಕೆಲಸ ಹೋಗುವುದು ನನಗೆ ಹೊಸದಲ್ಲ. ಆದರೆ ಡ್ರೈವರನಿಗೆ ಇರುವುದು ಒಂದು ಹೆಸರು. ಕುಡಿಯುತ್ತಾನೆ ಎಂದರೂ ಕೆಲಸ ಸಿಗುತ್ತದೆ, ಜಗಳಗಂಟ ಎಂದರೂ ಸಿಗುತ್ತದೆ, ಕೈ ಭಾರ ಎಂದರೆ ಮಾತ್ರ ಯಾರೂ ಬೀಗದ ಕೈ ಕೊಡುವುದಿಲ್ಲ. ಚಂದ್ರಬಂಡದ ಒಬ್ಬ ಗುತ್ತಿಗೆದಾರರು ಹೊಸ ಲಾರಿಗೆ ನನ್ನನ್ನು ಕರೆದಿದ್ದರು, ಬರುವ ತಿಂಗಳು ಬಾ ಎಂದಿದ್ದರು. ಸ್ಟ್ಯಾಂಡಿನಲ್ಲಿ ಸಾಹುಕಾರರು ಬೈದು ನಾಲ್ಕು ದಿನಕ್ಕೆ ರಾಯಚೂರಿನಲ್ಲಿ ಸಿಕ್ಕಾಗ ಅವರು ನನ್ನ ಮುಖ ನೋಡದೆ, "ಕೈ ಭಾರ ಅಂತಲ್ಲಪಾ ನಿಂದು. ನೋಡೂಣು, ಮುಂದ ನೋಡೂಣು," ಎಂದರು. ಮಾನ್ವಿಯಿಂದ ಚಂದ್ರಬಂಡಕ್ಕೆ ನೇರ ಬಸ್ಸು ಇಲ್ಲ, ಆದರೆ ಕೆಟ್ಟ ಮಾತಿಗೆ ಬಸ್ಸು ಬೇಕಾಗಿರಲಿಲ್ಲ.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಉಸ್ತಾದನ ಮೇಲೆ, ಸಾಹುಕಾರರ ಮೇಲೆ, ತಲೆ ತಗ್ಗಿಸಿ ನಿಂತ ನನ್ನ ಮೇಲೆ. ನಾನು ಒಂದು ದಿನವೂ ಸ್ಟೀರಿಂಗನ್ನು ಒತ್ತಿ ಹಿಡಿದವನಲ್ಲ. ಒಂದೇ ಬೆರಳಿನಿಂದ ಒತ್ತುವುದು ಹೇಗೆ ಸಾಧ್ಯ ಎಂದು ಆ ಹದಿನಾಲ್ಕು ಜನರಲ್ಲಿ ಒಬ್ಬರಾದರೂ ಕೇಳಬೇಡವೇ? ಕೇಳಲಿಲ್ಲ. ನನ್ನ ಬೆರಳಿನ ಜಂಬ ಇಳಿಯಲಿ ಎಂದು ಅವರೂ ಕಾದಿದ್ದರು ಅನಿಸುತ್ತದೆ.

ಸಾಹುಕಾರರನ್ನು ರಾಯಚೂರಿನ ಗಂಜ್ ಮಾರುಕಟ್ಟೆಗೆ ಬಿಟ್ಟ ಒಂದು ದಿನ, ಸಂಜೆಯವರೆಗೆ ಪುರುಸೊತ್ತು ಇತ್ತು. ಗಾಡಿಯನ್ನು ಖಾಜಾಮಿಯಾನ ಶೆಡ್ಡಿಗೆ ಒಯ್ದೆ. ಲಾರಿ ಕ್ಲೀನರ್ ಆಗಿದ್ದಾಗ ಪರಿಚಯವಾದ ಮೇಸ್ತ್ರಿ ಅವನು, ಮಣ್ಣು ಎತ್ತುವ ದೊಡ್ಡ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ. ಆ ಯಂತ್ರಗಳಲ್ಲೂ ಎಣ್ಣೆಯೇ ದೂಡುವ ಕೆಲಸ ಮಾಡುತ್ತದೆ. ಖಾಜಾಮಿಯಾ ಕೇಳಿದ ಮೊದಲ ಪ್ರಶ್ನೆ, "ಎಂಥ ಸಪ್ಪಳ?"

ಅದುವರೆಗೆ ಯಾರೂ ಕೇಳಿರಲಿಲ್ಲ. ಸಪ್ಪಳ ಬರುತ್ತದೆಯೇ ಎಂದು ಕೇಳಿದ್ದರು, ಎಂಥದು ಎಂದು ಕೇಳಿರಲಿಲ್ಲ.

ಅವನು ಬೆಲ್ಟಿಗೆ ಸಾಬೂನಿನ ನೀರು ಚಿಮುಕಿಸಿದ. ಸದ್ದು ಬದಲಾಗಲಿಲ್ಲ. "ಬೆಲ್ಟ್ ಅಲ್ಲ," ಎಂದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು ಕಣ್ಣು ಮುಚ್ಚಿದ. ಆಮೇಲೆ ನನಗೆ ಕೊಟ್ಟ. ಲೋಹ ಲೋಹಕ್ಕೆ ಉಜ್ಜಿದರೆ ಕರಕರ ಎನ್ನಬೇಕು. ಇಲ್ಲಿ ಕರಕರ ಇರಲಿಲ್ಲ, ಬಾಯಾರಿದವನು ಖಾಲಿ ಲೋಟ ಹೀರಿದ ಸದ್ದಿತ್ತು.

"ಪಂಪ್ ಚೊಲೋ ಅದ ಭಾಯ್. ಅದಕ್ಕ ಎಣ್ಣಿ ಸಿಗವಲ್ದು."

"ಎಣ್ಣಿ ಕುತ್ತಿಗೀತನ ಅದ ಮಿಯಾ."

"ಮುಚ್ಚಳ ತಗಿ."

ಎಂಜಿನ್ ನಡೆಯುತ್ತಿದ್ದಾಗಲೇ ತೆಗೆದೆ. ಒಳಗೆ ಎಣ್ಣೆಯ ಬದಲು ನೊರೆ ಇತ್ತು, ಆಗ ತಾನೇ ಕರೆದ ಹಾಲಿನ ಹಾಗೆ. ಖಾಜಾಮಿಯಾ ಎಂಜಿನ್ ನಿಲ್ಲಿಸಿ, ಬೆರಳು ಅದ್ದಿ, ಹೆಬ್ಬೆರಳಿಗೆ ಉಜ್ಜಿದ. ಬೆರಳುಗಳು ಅಂಟಿಕೊಂಡವು. ಮೂಗಿಗೆ ಹಿಡಿದ. ನನ್ನ ಮುಖ ನೋಡಿದ. ಮತ್ತೆ ಮೂಗಿಗೆ ಹಿಡಿದ.

"ಏನ್ ಭಾಯ್, ಇದ್ರಾಗ ಭಜಿ ಕರದೀರೇನು? ಇದು ಗಾಡಿ ಎಣ್ಣಿ ಅಲ್ಲ. ಕುಸುಬಿ ಎಣ್ಣಿ."

ಕುಸುಬಿ ಎಣ್ಣೆ ಕಾದು ಆರಿ, ಕಾದು ಆರಿ ಅಂಟಾಗುತ್ತದೆ. ಭಜಿ ಕರಿಯುವ ಕಡಾಯಿಯ ಅಂಚು ಮುಟ್ಟಿದವರಿಗೆ ಗೊತ್ತು. ಪಂಪಿನೊಳಗಿನ ಸಣ್ಣ ಜಾಲರಿಯ ಮೇಲೆ ಅದು ಜೋನಿ ಬೆಲ್ಲದಂತೆ ಮೆತ್ತಿಕೊಂಡು ದಾರಿ ಕಟ್ಟಿತ್ತು. ಎಣ್ಣೆ ಸಿಗದ ಪಂಪು ಗಾಳಿ ಹೀರುತ್ತಿತ್ತು, ಗಾಳಿ ನೊರೆಯಾಗುತ್ತಿತ್ತು, ನೊರೆ ಅಳುತ್ತಿತ್ತು.

"ಯಾರು ಹಾಕ್ಯಾರ?" ಎಂದ.

ನಾನು ಕೈಯಲ್ಲಿದ್ದ ಮುಚ್ಚಳ ನೋಡಿದೆ. ಅದರ ಅಂಚಿನ ಗೆರೆಯಲ್ಲಿ ಸ್ವಲ್ಪ ಕೆಂಪು ಉಳಿದಿತ್ತು. ಕುಂಕುಮ. ಪ್ರತಿ ಅಮಾವಾಸ್ಯೆಯ ಮರುದಿನ ಗಾಡಿಯ ಮೈಮೇಲಿನ ಕುಂಕುಮ, ವಿಭೂತಿಯನ್ನು ಒರೆಸುತ್ತಿದ್ದವನು ನಾನೇ. ಬಾನೆಟ್ಟಿನ ಮೇಲೆ ಒರೆಸಿದೆ, ರೇಡಿಯೇಟರಿನ ಮೇಲೆ ಒರೆಸಿದೆ, ಈ ಮುಚ್ಚಳದ ಮೇಲೆಯೂ ಒರೆಸಿದೆ. ಆರು ತಿಂಗಳು ಒರೆಸಿದೆ. ಇಲ್ಲಿಗೆ ಯಾಕೆ ಬೊಟ್ಟು ಇಟ್ಟಿದ್ದಾರೆ ಎಂದು ಒಮ್ಮೆಯೂ ಯೋಚಿಸಲಿಲ್ಲ.

ಒಂದೇ ಒಂದು ಅಮಾವಾಸ್ಯೆ ನನ್ನನ್ನು ಗಾಡಿಯ ಹತ್ತಿರ ನಿಲ್ಲಲು ಬಿಟ್ಟಿದ್ದರೆ ಸಾಕಾಗಿತ್ತು. ಬಾಯಿ ಬಿಟ್ಟು, ಅಲ್ಲಿ ಬೇಡ ಎನ್ನಲು ಎಷ್ಟು ಹೊತ್ತು ಬೇಕು? ಗೇಟಿನ ಹೊರಗೆ ನಿಲ್ಲಿಸಿ, ಒಳಗೆ ತಾವೇ ಕೆಡಿಸಿ, ಮತ್ತೆ ಒಳಗೆ ಕರೆದು ಕೆಡಿಸಿದವನು ನೀನು ಎಂದರು. ಇದನ್ನು ಬರೆಯುವಾಗಲೂ ಪೆನ್ನು ಕಾಗದವನ್ನು ಒತ್ತುತ್ತದೆ. ಕೈ ಭಾರ ಎಂದವರು ಈಗ ನೋಡಬೇಕು.

ಖಾಜಾಮಿಯಾ ಸೀಮೆಎಣ್ಣೆಯಿಂದ ತೊಳೆಯಲು ಬಿಡಲಿಲ್ಲ, ರಬ್ಬರು ಹಾಳಾಗುತ್ತದೆ ಎಂದ. ತನ್ನ ಯಂತ್ರಗಳಿಗೆಂದು ಹೈದರಾಬಾದಿನಿಂದ ತರಿಸಿದ ತೆಳುವಾದ ಕೆಂಪು ಎಣ್ಣೆ ಕೊಟ್ಟ. ಎಣ್ಣೆ ಮರಳುವ ಕೊಳವೆ ಬಿಚ್ಚಿ ಡಬ್ಬಿಗೆ ಬಿಟ್ಟೆವು, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ಹೊರಳಿಸಿ ಹೊರಳಿಸಿ ಒಳಗಿದ್ದದ್ದನ್ನೆಲ್ಲ ಕಕ್ಕಿಸಿದೆವು. ಹೊಸ ಎಣ್ಣೆ ಹಾಕಿ ಮತ್ತೆ ಕಕ್ಕಿಸಿದೆವು. ಜಾಲರಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದೆ. ಕೊನೆಗೆ ಮುಂದಿನ ಗಾಲಿಗಳನ್ನು ಜಾಕಿನ ಮೇಲೆ ಎತ್ತಿ, ಎಣ್ಣೆ ತುಂಬಿ, ಗುಳ್ಳೆ ಬರುವುದು ನಿಲ್ಲುವ ತನಕ ಮೆಲ್ಲಗೆ ತಿರುಗಿಸಿದೆವು. ಜಾಕು ಇಳಿಸಿ, ಎಂಜಿನ್ ಹಚ್ಚಿ, ನಾನು ಒಂದು ಬೆರಳು ಇಟ್ಟೆ. ಗಾಡಿ ಹೊರಳಿತು. ಸದ್ದೇ ಇಲ್ಲ. ಶೆಡ್ಡಿನ ಹಿಂದೆ ಯಾರೋ ಕೆಮ್ಮಿದ್ದು ಕೇಳಿಸಿತು.

ಸಾಹುಕಾರರನ್ನು ಕೂರಿಸಿಕೊಂಡು ಮಾನ್ವಿ ಮುಟ್ಟಿದಾಗ ಇನ್ನೂ ಸಂಜೆಯ ಬಿಸಿಲಿತ್ತು. ದಾರಿಯಲ್ಲಿ ಸಾಹುಕಾರರು ಎರಡು ಸಲ "ಅರೆ" ಎಂದಿದ್ದರು. ಅಂಗಳದಲ್ಲಿ ಇಳಿದ ಮೇಲೆ ನಾನು ಡಬ್ಬಿಯಲ್ಲಿ ತಂದಿದ್ದ ಆ ಎಣ್ಣೆಯನ್ನು ಅವರ ಮುಂದೆ ಇಟ್ಟು ನಡೆದದ್ದು ಹೇಳಿದೆ. ಅವರು ಬಗ್ಗಿ ವಾಸನೆ ನೋಡಿದರು. ಅವರ ಮುಖದ ಬಣ್ಣ ಹೋಯಿತು. ಅವರಿಗೆ ಗೊತ್ತಾಗಿತ್ತು.

"ನಾನ ಹಾಕೀನಿ," ಎಂದು ಪಡಸಾಲೆಯಿಂದ ಧ್ವನಿ ಬಂತು. ಸಾಹುಕಾರರ ತಾಯಿ, ಗಿರಣಿಯವರೆಲ್ಲ ದೊಡ್ಡವ್ವ ಎಂದು ಕರೆಯುತ್ತಿದ್ದ ಮುದುಕಿ, ಕಂಬ ಹಿಡಿದು ನಿಂತಿದ್ದರು. "ಅಮಾಸಿ ದಿನ ಮನ್ಯಾಗಿನ ಯಾವ ಯಂತ್ರದ ಬಾಯೂ ಒಣಗಬಾರ್ದು. ನಮ್ಮತ್ತಿ ಕಾಲದಿಂದ ಹಾಕ್ಕೊಂತ ಬಂದೀವಿ. ಗಿರಣಿಗಿ ಹಾಕ್ತೀನಿ, ಹೊಲಿಗಿ ಮಿಷನ್ನಿಗಿ ಹಾಕ್ತೀನಿ, ಗಾಡಿಗೂ ಹಾಕೀನಿ. ಮುಚ್ಚಳ ಇವನ ತಗದು ಕೊಟ್ಟಾನ."

ಇವನು ಎಂದರೆ ಶರಣಪ್ಪ ಸಾಹುಕಾರರು. ತಿಂಗಳು ತಿಂಗಳು ತಮ್ಮ ಕೈಯಾರೆ ಮುಚ್ಚಳ ತೆಗೆದುಕೊಟ್ಟವರು, ಸ್ಟ್ಯಾಂಡಿನಲ್ಲಿ ನಿಂತು ನನ್ನ ಕೈಯನ್ನು ಬೈದವರು. ಅವರು ನಗಲು ನೋಡಿದರು. "ಆತು ಬಿಡು ಹುಲಿಗ್ಯಾ. ಅವ್ವ ಭಕ್ತಿಲೇ ಹಾಕ್ಯಾಳ. ಕೆಲಸದ ಮ್ಯಾಲ ಇರು, ಯಾರೂ ತಗಿಯಂಗಿಲ್ಲ."

ನಾನು ಹಾಕಿದ್ದರೆ ಕೈ ತಪ್ಪು, ಅವ್ವ ಹಾಕಿದರೆ ಭಕ್ತಿ. ನನಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ.

"ಕೆಲಸ ಬ್ಯಾಡ್ರಿ ಧಣೀ. ಕೈ ಭಾರ ಅಂತ ಸ್ಟ್ಯಾಂಡಿನ್ಯಾಗ ಅಂದೀರಿ. ಅಲ್ಲ ಅಂತ ಅಲ್ಲೇ ಹೇಳ್ರಿ."

"ಏನಂತ ಹೇಳಲಿ? ನಮ್ಮವ್ವನ ಹೆಸರು ಸ್ಟ್ಯಾಂಡಿನ್ಯಾಗ ತಗೀಲೇನು?"

ಅವರ ತಾಯಿಯ ಹೆಸರು ಸ್ಟ್ಯಾಂಡಿಗೆ ಬರಬಾರದು. ನನ್ನ ಹೆಸರು ಅಲ್ಲೇ ಧೂಳಿನಲ್ಲಿ ಬಿದ್ದಿರಬಹುದು. ನಾನು ಬೀಗದ ಕೈ ತೆಗೆದು ಕಟ್ಟೆಯ ಮೇಲೆ ಇಡಲು ಹೋದೆ. ಅಷ್ಟರಲ್ಲಿ ದೊಡ್ಡವ್ವ ಮೆಟ್ಟಿಲು ಇಳಿದು, ಗಾಡಿಯ ಹಿಂದಿನ ಬಾಗಿಲು ತಾವೇ ತೆಗೆದು ಕೂತರು.

"ನಡಿ," ಎಂದರು ನನಗೆ. "ಸ್ಟ್ಯಾಂಡಿಗಿ."

ಮಗ ಅಡ್ಡ ಬಂದರೂ ಅವರು ತಿರುಗಿ ಕೂಡ ನೋಡಲಿಲ್ಲ. ಸ್ಟ್ಯಾಂಡಿನಲ್ಲಿ ಡ್ರೈವರುಗಳು ಚಹಾ ಕುಡಿಯುತ್ತಿದ್ದರು. ದೊಡ್ಡವ್ವ ಕಿಟಕಿಯ ಗಾಜು ಇಳಿಸಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ಸಂತೆಯಲ್ಲಿ ಬೇಳೆ ಕೇಳುವ ಧ್ವನಿಯಲ್ಲಿ ಹೇಳಿದರು. "ಎಪ್ಪಗೋಳ್ರ್ಯಾ, ಇಲ್ಲಿ ಕೇಳ್ರಿ. ಗಾಡ್ಯಾಗ ಅಡಗಿ ಎಣ್ಣಿ ಹಾಕಿದಾಕಿ ನಾನು. ಇವನ ಕೈದು ಏನೂ ಇಲ್ಲ. ಕೆಡಿಸಿದ್ದು ನಾನು, ಸುದ್ದ ಮಾಡಿದ್ದು ಇವ."

ಒ‌ಬ್ಬನ ಕೈಯ ಲೋಟ ಬಾಯಿಯ ಹತ್ತಿರವೇ ನಿಂತಿತು. ನನಗೆ ಮುಂದಿನ ಗಾಜಿನಲ್ಲಿ ಏನೂ ಸರಿಯಾಗಿ ಕಾಣಿಸದಾಯಿತು. ಗಾಡಿಯನ್ನು ಅಲ್ಲೇ ಒಂದು ಸುತ್ತು ಹೊರಳಿಸಿದೆ, ಎರಡೂ ಕೈ ಹಿಡಿದು, ನಿಧಾನವಾಗಿ. ಆ ಮುದುಕಿಯ ಮೇಲೆ ನನಗೆ ಅಂದು ಹುಟ್ಟಿದ ಗೌರವ ಇಂದಿಗೂ ಇದೆ. ಅದನ್ನು ಹೇಳದೆ ಬರೀ ಸಿಟ್ಟು ಬರೆದರೆ ನಾನೂ ಆ ಉಸ್ತಾದನ ಸಾಲಿಗೆ ಸೇರುತ್ತೇನೆ.

ಮನೆಯ ಹತ್ತಿರ ಬಂದಾಗ ಅವರು ಹಿಂದಿನಿಂದ, "ಮುಂಜಾನೆ ಗಾಡಿ ಲಗೂನ ತೊಳಿ. ನಾಳಿ ಅಮಾಸಿ," ಎಂದರು.

"ತೊಳೀತೀನ್ರಿ ಯವ್ವಾ. ನಾಳಿ ನಾನೂ ಬಾಜೂಕ ನಿಂದ್ರತೀನಿ. ಎಲ್ಲಿ ಎಣ್ಣಿ ಹಾಕಬೇಕು, ಎಲ್ಲಿ ಹಾಕಬಾರ್ದು ತೋರಸ್ತೀನಿ."

ಅವರು ಹಾಂ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಸುಮ್ಮನಿದ್ದದ್ದನ್ನು ನಾನು ಒಪ್ಪಿಗೆ ಎಂದುಕೊಂಡೆ. ಆ ಸಂಜೆ ಮನೆಗೆ ಹೋಗುವಾಗ ಹೊಸ ಅಂಗಿಗೆ ಇಸ್ತ್ರಿ ಹಾಕಿಸಿದೆ.

ಮರುದಿನ ಗಾಡಿ ತೊಳೆದು, ಬಾನೆಟ್ ಒರೆಸಿ, ಈ ಸಲ ಎತ್ತದೆ ಮುಚ್ಚಿಯೇ ಅಂಗಳದಲ್ಲಿ ನಿಲ್ಲಿಸಿದೆ. ಗೇಟಿನ ಕಡೆ ಹೋಗಲಿಲ್ಲ. ಬಾನೆಟ್ಟಿನ ಮೇಲೆ ಬಲಗೈ ಇಟ್ಟು ನಿಂತೆ. ಸಾಹುಕಾರರು ಬಂದು, "ಹುಲಿಗ್ಯಾ, ಆತಲ್ಲ, ಹೊರಗ ನಡಿ," ಎಂದರು. ಯವ್ವನಿಗೆ ಹೇಳಿದ್ದೇನೆ ಎಂದೆ. ಅವರು ತಾಯಿಯ ಮುಖ ನೋಡಿದರು.

ದೊಡ್ಡವ್ವನ ಒಂದು ಕೈಯಲ್ಲಿ ಆರತಿ ತಟ್ಟೆ, ಇನ್ನೊಂದರಲ್ಲಿ ಎಣ್ಣೆಯ ಬಟ್ಟಲು. ಹಿಂದಿನ ದಿನ ಅಷ್ಟು ಜನರ ಮುಂದೆ ತಪ್ಪು ಒಪ್ಪಿಕೊಳ್ಳಲು ಅಳುಕದವರು ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತುಬಿಟ್ಟರು. ನನ್ನ ಮುಖ ನೋಡಿದರು, ಬಾನೆಟ್ಟಿನ ಮೇಲಿನ ಕೈ ನೋಡಿದರು. ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು. ಆಮೇಲೆ ಅವರು ಹೊರಳಿ ಗಿರಣಿಯ ದೊಡ್ಡ ಯಂತ್ರದ ಕಡೆ ಹೋದರು.

ಅದಕ್ಕೆ ಪೂಜೆ ಆಯಿತು. ಭತ್ತ ಜರಡಿ ಹಿಡಿಯುವ ಯಂತ್ರಕ್ಕೆ ಆಯಿತು. ತಕ್ಕಡಿಗೆ ಆಯಿತು. ಗೋಡೆಗೆ ಒರಗಿಸಿದ್ದ ಗುಮಾಸ್ತನ ಸೈಕಲ್ಲಿಗೂ ಕುಂಕುಮ ಹಚ್ಚಿ, ಚೈನಿಗೆ ಎಣ್ಣೆ ಬಿಟ್ಟು, ಹೂವು ಏರಿಸಿದರು. ಗಾಡಿಯ ಕಡೆಗೆ ಯಾರೂ ಬರಲಿಲ್ಲ. ಬಿಸಿಲು ಏರಿ ಬಾನೆಟ್ಟಿನ ತಗಡು ಅಂಗೈ ಸುಡತೊಡಗಿತ್ತು. ನಾನು ಕೈ ತೆಗೆಯಲಿಲ್ಲ.